ಎಡಗಡೆಯ ಹಿಂದಿನ ಮೊಲೆ

ಎಮ್ಮೆಯ ಮೊಲೆ ಸೀಳಿದಾಗ ನಾನು ಮೊದಲು ನೋಡುವುದು ರಕ್ತವನ್ನಲ್ಲ, ಹಾಲನ್ನು. ಗಾಯದ ಬಾಯಿಂದ ಹಾಲು ಬರುತ್ತಿದ್ದರೆ ಸೀಳು ತೊಗಲನ್ನೂ ಮಾಂಸವನ್ನೂ ದಾಟಿ ಒಳಗಿನ ಹಾಲಿನ ನಾಳಕ್ಕೇ ಹೋಗಿದೆ ಎಂದು ಅರ್ಥ. ಅಂಥ ಗಾಯ ತಾನಾಗಿ ಮಾಯುವುದು ಕಷ್ಟ. ಹಾಲು ಹರಿಯುತ್ತಿರುವ ತನಕ ಅಂಚು ಕೂಡುವುದಿಲ್ಲ, ಅಂಚು ಕೂಡುವ ತನಕ ಹಾಲು ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಹೊತ್ತಿನಲ್ಲಿ, ಲಕಮನಹಳ್ಳಿಯ ಕಾರ್ಖಾನೆಗಳ ಹಿಂದಿನ ಒಂದು ಓಣಿಯಲ್ಲಿ ನಾನು ಕಂಡದ್ದು ಅದೇ ಗಾಯ. ಅದು ಕೊನೆಗೆ ಮಾಯಿತು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಛಲೋ ಆದದ್ದು ಅದೊಂದೇ.

ನಾನು ಸರ್ಕಾರಿ ದನದ ಆಸ್ಪತ್ರೆಯ ಡಾಕ್ಟರು. ನಮ್ಮ ಕಂಪೌಂಡರ್ ನನಗಿಂತ ಹತ್ತು ವರ್ಷ ದೊಡ್ಡವರು, ಗರಗದ ಒಕ್ಕಲುತನದ ಮನೆಯಿಂದ ಬಂದವರು, ಮಾತು ಕಡಿಮೆ. ಆವತ್ತು ಫೋನ್ ಬಂದಾಗ ಆಸ್ಪತ್ರೆಯ ಬೀಗ ತೆಗೆದು ಇನ್ನೂ ಖುರ್ಚಿಯ ಮೇಲೆ ಕೂತಿರಲಿಲ್ಲ. ಇಬ್ಬರೂ ಸ್ಕೂಟರ್ ಮೇಲೆ ಹೋದೆವು. ತಗಡಿನ ಮಾಡಿನ ಕೆಳಗೆ ಎಮ್ಮೆ ಹಿಂಗಾಲು ಅಗಲಿಸಿ ನಿಂತಿತ್ತು. ಈದು ಇಪ್ಪತ್ತು ದಿನ ಆಗಿತ್ತು, ಕೆಚ್ಚಲು ಬಿಗಿದುಕೊಂಡಿತ್ತು. ಎಡಗಡೆಯ ಹಿಂದಿನ ಮೊಲೆ ಎರಡು ಬೆರಳಿನಷ್ಟು ಉದ್ದಕ್ಕೆ ಸೀಳಿ, ಸೀಳಿನ ತುಂಬ ಅರಿಷಿಣ ಮೆತ್ತಿತ್ತು. ಅರಿಷಿಣದ ನಡುವಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಮನೆಯಲ್ಲಿ ಇದ್ದವರು ಅತ್ತೆ, ಸೊಸೆ. ಸೊಸೆಯ ಗಂಡ ಗೋಕುಲ ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ನಾನು ಅವನನ್ನು ನೋಡಿದ್ದೇ ಒಂದು ಸಲ. ಎಮ್ಮೆ ಸೊಸೆಯದು. ಹಿಂಡುವವಳು ಅವಳು, ಓಣಿಯ ಮನೆಮನೆಗೆ ಹಾಲು ಹಾಕುವವಳು ಅವಳು. ಮೂವತ್ತರ ಆಚೀಚೆಯ ಗಟ್ಟಿ ಹೆಣ್ಣುಮಗಳು, ಆದರೆ ಆವತ್ತು ಮುಖ ಬಿಳಿಚಿಕೊಂಡಿತ್ತು.

"ಕೆಚ್ಚಲಾ ಬಾತು ಹಾಲ ನಿಂತ್ರ ನಮ್ಮನಿಯವ್ರು ಇದನ್ನ ಇಟ್ಕೊಳ್ಳೂದಿಲ್ರಿ ಬಾಯಾರ. ಮೇವ ತರೂದು ಅವ್ರಿಗೆ ಮೊದ್ಲೇ ಬ್ಯಾಸರ. ಹುಬ್ಬಳ್ಳಿ ಸಂತಿಗೆ ಹೊಡಕೊಂಡು ಹೋಗಿಬಿಡ್ತಾರ," ಅಂದಳು.

"ಯಾವಾಗ ಆತಿದು?" ಅಂತ ಕೇಳಿದೆ.

"ಈಗ ಮುಂಜಾನಿರಿ."

ಸುಳ್ಳು ಅಂತ ನೋಡಿದ ಕೂಡಲೇ ಗೊತ್ತಾಯಿತು. ಈಗಿನ ಗಾಯದ ಅಂಚು ಹಸಿಯಾಗಿ ಕೆಂಪಗಿರುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಇದರ ಅಂಚು ಒಣಗಿ ಒಳಕ್ಕೆ ಸುರುಳಿಯಾಗಿತ್ತು, ಮೂಲೆಯಲ್ಲಿದ್ದ ರಕ್ತದ ಹೆಪ್ಪು ಕಪ್ಪಾಗಿತ್ತು. "ನಿನ್ನೆ ಸಂಜೀದೈತಿ ಈ ಗಾಯ. ನನ್ನ ಮುಂದ ಯಾಕ ನಾಟಕ ಮಾಡ್ತೀ?" ಅಂದೆ.

ಅವಳು ಅತ್ತೆಯ ಮುಖ ನೋಡಿದಳು. ಖರೇ ಮಾತು ಆಮೇಲೆ ಹೊರಗೆ ಬಂತು. ಹಿಂದಿನ ಸಂಜೆ ಎಮ್ಮೆ ಕಾರ್ಖಾನೆಗಳ ಹಿಂದಿನ ಗಟಾರದಲ್ಲಿ ಬಿದ್ದು ಹೊರಳಾಡಿ ಮೇಲೆ ಹತ್ತುವಾಗ, ಅಲ್ಲಿ ಚೆಲ್ಲಿದ ತಗಡಿನ ತುಂಡುಗಳ ಮೇಲೆ ದಾಟಿದೆ. ಮನೆಗೆ ಬಂದಾಗಲೇ ಸೀಳಿತ್ತು. ಅತ್ತೆ ಅರಿಷಿಣ-ಎಣ್ಣೆ ಹಚ್ಚಿದ್ದಾಳೆ. ಮುಂಜಾನೆ ಹಾಲು ಸೋರುವುದು ನೋಡಿ ಹೆದರಿ ಫೋನ್ ಮಾಡಿದ್ದಾರೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಇಷ್ಟು ವರ್ಷ ನಾನು ಅದನ್ನು ಒಂದು ಗುಣ ಅಂತಲೇ ತಿಳಿದುಕೊಂಡಿದ್ದೆ. ಮೆತ್ತಗೆ ಹೇಳಿದರೆ ಯಾರು ಕೇಳುತ್ತಾರೆ? ಹೆಂಗಸು ಡಾಕ್ಟರು ಅಂತ ಮೊದಲೇ ಅರ್ಧ ಕಿವಿ ಮುಚ್ಚಿಕೊಂಡಿರುತ್ತಾರೆ. ಹಾಗಾಗಿ ಆವತ್ತೂ ಬಾಯಿಗೆ ಬಂದದ್ದು ಅಂದೆ. ಮೊಲೆಯ ಗಾಯಕ್ಕೆ ಹನ್ನೆರಡು ತಾಸು ಅಂದರೆ ಎಷ್ಟು, ಅಷ್ಟರೊಳಗೆ ಬಂದಿದ್ದರೆ ಹೊಲಿಗೆ ಹೆಂಗ ಹಿಡಿಯುತ್ತಿತ್ತು, ಈಗ ಒಳಗೆ ಹೊಲಸು ಕೂತು ಬಾವು ಬಂದಿದೆ, ಇದಕ್ಕೆಲ್ಲ ಕಾರಣ ನಿಮ್ಮ ಅರಿಷಿಣ. ಸೊಸೆ ನೆಲ ನೋಡುತ್ತ ನಿಂತಳು. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು.

ಹೊಲಿಯಬೇಕೋ ಬಿಡಬೇಕೋ ಅನ್ನುವುದು ಸಮಸಮ ತೂಗುತ್ತಿತ್ತು. ಹೊತ್ತು ಮೀರಿತ್ತು, ಆದರೆ ಸೀಳು ಉದ್ದುದ್ದಕ್ಕೆ ಇತ್ತು. ಮೊಲೆಗೆ ರಕ್ತ ಮೇಲಿನಿಂದ ಕೆಳಕ್ಕೆ ಬರುವುದರಿಂದ ಉದ್ದ ಸೀಳು ಹೊಲಿಗೆಗೆ ಒಲಿಯುತ್ತದೆ, ಅಡ್ಡ ಸೀಳು ಒಲಿಯುವುದಿಲ್ಲ. ಅಡ್ಡ ಇದ್ದಿದ್ದರೆ ಕೈ ಹಾಕುತ್ತಲೇ ಇರಲಿಲ್ಲ. ಎಮ್ಮೆಗೆ ಸ್ವಲ್ಪ ಮಂಪರಿನ ಇಂಜೆಕ್ಷನ್ ಕೊಟ್ಟು, ಮೊಲೆಯ ಬುಡಕ್ಕೆ ಸುತ್ತಲೂ ಮರಗಟ್ಟಿಸುವ ಔಷಧ ಕೊಟ್ಟು, ಅಲ್ಲೇ ಒಂದು ರಬ್ಬರ್ ಬಿಗಿದೆವು. ನಾಲ್ಕು ಬಾಟಲಿ ಸಲೈನ್ ಗಾಯ ತೊಳೆಯಲಿಕ್ಕೇ ಹೋಯಿತು. ಅರಿಷಿಣದ ಬಣ್ಣ ಪೂರ್ತಿ ಹೋಗಲೇ ಇಲ್ಲ. ಒಣಗಿದ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ ರಬ್ಬರ್ ಸಡಿಲಿಸಿದಾಗ ಎರಡೂ ಕಡೆ ಕೆಂಪು ರಕ್ತ ಜಿನುಗಿತು. ಜೀವ ಇರುವ ಅಂಚು. ಹೊಲಿಯೋಣ ಅಂದೆ.

ಮೊಲೆಯನ್ನು ಮೂರು ಪದರಿನಲ್ಲಿ ಹೊಲಿಯಬೇಕು. ಒಳಗಿನ ಪದರಿಗೆ ಕರಗುವ ತೆಳು ದಾರ, ಅದೂ ಸೂಜಿ ನಾಳದೊಳಗೆ ತೂರದ ಹಾಗೆ, ತೂರಿದರೆ ದಾರದ ಗುಂಟ ಹಾಲು ಹೊರಗೆ ಬರುತ್ತದೆ. ನಡುವಿನ ಪದರಿಗೆ ಮತ್ತೆ ಕರಗುವ ದಾರ. ಮೇಲೆ ತೊಗಲಿಗೆ ನೈಲಾನ್, ಒಂದೊಂದೇ ಗಂಟು. ಬಗ್ಗಿ ಕೂತು ಸೊಂಟ ಬಿದ್ದುಹೋಯಿತು. ಕಂಪೌಂಡರ್ ಬಾಲ ಹಿಡಿದು, ಕಾಲು ಕಟ್ಟಿ, ನೊಣ ಓಡಿಸುತ್ತ ಒಂದೂವರೆ ತಾಸು ನಿಂತರು. ಮುಗಿದಾಗ ಏಳು ಗಂಟು ಒಂದೇ ಸಾಲಿಗೆ ಕೂತಿದ್ದವು. ನನಗೆ ನನ್ನ ಕೈಯ ಮೇಲೆ ಪ್ರೀತಿ ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಸೊಸೆಯನ್ನು ಕರೆದು ಪಾಠ ಹೇಳಿದೆ. ಹತ್ತು ದಿನ ಆ ಮೊಲೆ ಹಿಂಡಬಾರದು. ದಿನಕ್ಕೆ ಎರಡು ಸಲ ಕುದಿಸಿದ ಸಣ್ಣ ನಳಿಗೆಯನ್ನು ಮೊಲೆಯ ತುದಿಯಿಂದ ಒಳಗಿಟ್ಟು ಹಾಲು ತಾನಾಗಿ ಬಸಿಯಲು ಬಿಡಬೇಕು. ಎಮ್ಮೆ ಆಕಳ ಹಾಗಲ್ಲ, ಕರು ಬಾಯಿ ಹಚ್ಚದ ಹೊರತು ಹಾಲನ್ನು ಮೇಲೇ ಹಿಡಿದುಕೊಂಡಿರುತ್ತದೆ. ಕರು ಚೀಪಿದಾಗ ಕೆಳಗೆ ಬಿಡುವುದಕ್ಕೆ ನಮ್ಮ ಕಡೆ ತೊರೆ ಬಿಡುವುದು ಅನ್ನುತ್ತಾರೆ. ಹಾಗಾಗಿ ಕರುವನ್ನು ಬಿಟ್ಟು ಎರಡು ಸಲ ಚೀಪಿಸಿ ಎಳೆದುಕೊಳ್ಳಬೇಕು, ಆಮೇಲೆ ನಳಿಗೆ. ಇಷ್ಟು ಹೇಳಿ, "ಈ ಮೊಲಿಗೆ ಕೈ ಹಚ್ಚಿದ್ರ ನೋಡು ಮತ್ತ," ಅಂತ ಬೆರಳು ತೋರಿಸಿದೆ.

"ಈ ಮೊಲಿಗೆ ನಾವು ಕೈ ಹಚ್ಚೂದೇ ಇಲ್ರಿ ಬಾಯಾರ," ಅಂದಳು.

ಹೇಳಿದ ಮಾತು ಕೇಳುವವರು ಸಿಕ್ಕರಲ್ಲ ಅಂತ ನನಗೆ ಸಮಾಧಾನ ಆಯಿತು. ಪೆಟ್ಟಿಗೆ ಮುಚ್ಚಿದೆ.

ಎರಡನೇ ದಿನ ಹೋದಾಗ ಮೊಲೆ ಸ್ವಲ್ಪ ಬಾತಿತ್ತು, ಅದು ಇರುವಂಥದ್ದೇ. ಆದರೆ ಕೆಳಗಿನ ಒಂದು ಗಂಟು ತೊಗಲನ್ನು ಕೊಯ್ದುಕೊಂಡು ಬಂದಿತ್ತು. ಗಂಟು ಬಿಗಿ ಹಾಕಿದೆನೇನೋ ಅಂದುಕೊಂಡೆ. "ಹಿಂಡಿದಿಯೇನು?" "ಇಲ್ರಿ." "ಖರೇ ಹೇಳು." "ಖರೇನರಿ." ಅವಳು ಇನ್ನೇನೋ ಕೇಳುವವಳಂತೆ ನನ್ನ ಮುಖ ನೋಡಿದಳು. ನನಗೆ ಹೊತ್ತಾಗಿತ್ತು, ಆಸ್ಪತ್ರೆಯಲ್ಲಿ ಕುರಿಗಳಿಗೆ ಲಸಿಕೆ ಹಾಕಿಸಲಿಕ್ಕೆ ಜನ ಕಾಯುತ್ತಿದ್ದರು. "ಲಗೂ ಹೇಳು" ಅಂದೆ. "ಏನಿಲ್ರಿ" ಅಂದಳು.

ನಾಲ್ಕನೇ ದಿನ ಹೋದಾಗ ಏಳರಲ್ಲಿ ಎರಡು ಗಂಟು ಉಳಿದಿದ್ದವು. ಸೀಳು ಬಾಯಿ ತೆರೆದು, ಅಂಚು ಬಾತು, ಕೀವು ಸೇರಿದ ಹಾಲು ಹರಿಯುತ್ತಿತ್ತು. ಒಳಗಿನ ಪದರಿನ ದಾರ ಹೊರಗೆ ಜೋತಾಡುತ್ತಿತ್ತು. ನನ್ನ ತಲೆ ಕೆಟ್ಟಿತು. ಓಣಿಯ ಮಂದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಎದುರಿಗೇ ಒದರಿದೆ. "ಹಿಂಡೀದಿ ನೀನು. ನಾಕು ಮನಿ ಹಾಲು ಕಡಿಮಿ ಆಗ್ತದಂತ ಹಿಂಡೀದಿ. ಮಾರಿ ನೋಡಿ ಸುಳ್ಳ ಹೇಳ್ತೀಯಲ್ಲ, ನಾಚಿಕಿ ಬರೂದಿಲ್ಲ ನಿನಗ?"

ಅವಳ ಕಣ್ಣಲ್ಲಿ ನೀರು ಬಂತು. ಆಗ ಅತ್ತೆ ಒಳಗಿನಿಂದ ಕರುವನ್ನು ಹಿಡಿದುಕೊಂಡು ಬಂದಳು. ಹೆಣ್ಣುಕರು, ಮೈ ಮೇಲೆ ಇನ್ನೂ ಹುಟ್ಟುಗೂದಲು. ಹಗ್ಗ ಬಿಟ್ಟಳು. ಕರು ಎಮ್ಮೆಯ ಬಲಗಡೆ ನಿಂತದ್ದು ಸುತ್ತುಹಾಕಿ ಎಡಗಡೆಗೆ ಬಂತು. ಮುಂದಿನ ಮೊಲೆಗಳನ್ನು ಮೂಸಲೂ ಇಲ್ಲ. ನೆಟ್ಟಗೆ ಹಿಂದಿನ ಆ ಹರಿದ ಮೊಲೆಗೆ ಬಾಯಿ ಹಾಕಿ ತಲೆಯಿಂದ ಒಂದು ಗುದ್ದು ಕೊಟ್ಟಿತು. ಎಮ್ಮೆ ನೋವಿಗೆ ಕಾಲು ಎತ್ತಿತು, ಆದರೆ ಒದೆಯಲಿಲ್ಲ.

ಮುದುಕಿ ಕರುವನ್ನು ಎಳೆದುಕೊಂಡು ಅಂದಳು: "ಮೂರು ಮೊಲಿ ಮನಿಗೆ, ಒಂದು ಮೊಲಿ ಕರಕ್ಕ. ನಮ್ಮತ್ತಿ ಕಾಲದಿಂದ ಹಿಂಗ ಐತ್ರಿ ನಮ್ಮನ್ಯಾಗ. ಕರದ ಮೊಲಿಗೆ ನಾವು ಕೈ ಹಚ್ಚಂಗಿಲ್ಲ. ಹಚ್ಚಬ್ಯಾಡ ಅಂದ್ರಿ, ಹಚ್ಚಿಲ್ಲ. ಕರ ಬಿಡಬ್ಯಾಡ ಅಂತ ನೀವು ಅಂದೇ ಇಲ್ಲಲ್ರಿ."

ನಾನು ಕಲಿತ ಕಾಲೇಜಿನಲ್ಲಿ, ಓದಿದ ಪುಸ್ತಕದಲ್ಲಿ, ಎಮ್ಮೆಗೆ ನಾಲ್ಕು ಮೊಲೆ. ನಾಲ್ಕಕ್ಕೂ ಒಂದೇ ಶಾಸ್ತ್ರ. ಯಾವ ಮೊಲೆ ಯಾರದು ಅಂತ ಕೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನೆಪ. ಇಪ್ಪತ್ತು ವರ್ಷ ಈ ಸೀಮೆಯಲ್ಲೇ ಕೆಲಸ ಮಾಡಿದ್ದೇನೆ, ಈ ಪದ್ಧತಿ ಇರುವ ಮನೆಗಳನ್ನು ನೋಡಿದ್ದೇನೆ. ಹಿಂಡುವವರು ಬಲಗಡೆ ಕೂರುತ್ತಾರೆ, ಕೈಗೆ ದೂರದ ಎಡಗಡೆಯ ಮೊಲೆ ಕರುವಿಗೆ ಬಿಡುತ್ತಾರೆ. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಲಿಲ್ಲ, ಯಾಕೆಂದರೆ ನಾನು ಬೈಯುವುದರಲ್ಲಿ ಮುಳುಗಿದ್ದೆ.

ತಿರುಗಿ ಬರುವಾಗ ಕಂಪೌಂಡರನ್ನು ಕೇಳಿದೆ, "ನಿಮಗ ಗೊತ್ತಿತ್ತೇನು?"

"ಸಂಶೇ ಇತ್ತು ಮೇಡಂ."

"ಮತ್ತ ಹೇಳಬಾರದಾ?"

"ನೀವು ಮಾತಾಡಾಕತ್ತಿದ್ರಿ," ಅಂದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರು. ಸೊಸೆ ಎರಡನೇ ದಿನ ಕೇಳಬೇಕೆಂದಿದ್ದದ್ದೂ ಇದನ್ನೇ ಅಂತ ಆಮೇಲೆ ತಿಳಿಯಿತು. ಕರು ಕುಡಿಯಬಹುದೋ ಇಲ್ಲವೋ ಅಂತ. ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದಳು.

ಅವಳಿಗೆ ತಪ್ಪಾಯಿತು ಅಂತ ನಾನು ಹೇಳಲಿಲ್ಲ. ಹೇಳಬೇಕಾಗಿತ್ತು. ಅದರ ಬದಲು ಮರುದಿನದಿಂದ ದಿನಾಲೂ ಹೋಗತೊಡಗಿದೆ, ಅದೇ ನನ್ನ ಕ್ಷಮೆ ಅಂತ ನನ್ನಷ್ಟಕ್ಕೆ ತಿಳಿದುಕೊಂಡು.

ಬಾತು ಕೀವಾದ ಮೊಲೆಯನ್ನು ಮತ್ತೆ ಹೊಲಿಯುವಂತಿಲ್ಲ. ಉಳಿದ ಗಂಟು ತೆಗೆದು, ಗಾಯವನ್ನು ತೆರೆದೇ ಬಿಟ್ಟು, ದಿನಾ ಎರಡು ಸಲ ತೊಳೆದು, ಸತ್ತ ಮಾಂಸ ಚಿವುಟಿ ತೆಗೆದು, ಕೆಚ್ಚಲಿನೊಳಗೆ ಔಷಧ ಏರಿಸಿದೆವು. ಕರುವಿಗೆ ಬಲಗಡೆಯ ಹಿಂದಿನ ಮೊಲೆ ಕೊಡಿರಿ ಅಂದೆ. ಮನೆಗೆ ಬರುವ ಹಾಲು ಅಷ್ಟು ಕಡಿಮೆ ಆಗುತ್ತದೆ, ತಕರಾರು ಮಾಡುತ್ತಾರೆ ಅಂದುಕೊಂಡಿದ್ದೆ. ಮುದುಕಿ, "ಕರದ ಪಾಲು ಕರಕ್ಕ ಹೋಗಲೇಬೇಕಲ್ರಿ," ಅಂದಳು, ಅಷ್ಟೇ. ಎರಡು ದಿನ ಕರು ಹಳೆಯ ಮೊಲೆಯನ್ನೇ ಹುಡುಕಿತು. ಸೊಸೆ ಅದರ ಮೋರೆಯನ್ನು ಕೈಯಲ್ಲಿ ಹಿಡಿದು ಹೊಸ ಮೊಲೆಗೆ ತಿರುಗಿಸುತ್ತಿದ್ದಳು. ಮೂರನೇ ದಿನ ಕರು ಒಪ್ಪಿಕೊಂಡಿತು. ಎಮ್ಮೆ ತೊರೆ ಬಿಡುತ್ತಿತ್ತು, ಉಳಿದ ಮೊಲೆಗಳಲ್ಲಿ ಹಾಲು ಕಡಿಮೆ ಆಗಿರಲಿಲ್ಲ, ಕೆಚ್ಚಲಿಗೆ ಬಾವು ಏರಲಿಲ್ಲ. ಎಂಟು ದಿನಕ್ಕೆ ಗಾಯದ ತಳದಲ್ಲಿ ಸಣ್ಣ ಸಣ್ಣ ಕೆಂಪು ಕಾಳಿನಂಥ ಹೊಸ ಮಾಂಸ ಎದ್ದಿತು. ಸೀಳು ಕುಗ್ಗಿ ಕುಗ್ಗಿ ಒಂದು ತೂತು ಉಳಿಯಿತು. ಅದರಿಂದ ಹಾಲು ಸೋರುತ್ತಿತ್ತು.

ಇಲ್ಲಿಗೆ ಬಿಡಬೇಕಾಗಿತ್ತು. ಪುಸ್ತಕವೂ ಅದನ್ನೇ ಹೇಳುತ್ತದೆ. ಇಂಥ ತೂತನ್ನು ಎಮ್ಮೆ ಬತ್ತಿದ ಮೇಲೆ, ಹಾಲಿಲ್ಲದ ಕಾಲದಲ್ಲಿ ಮುಚ್ಚುವುದು ಸುರಕ್ಷಿತ. ಮುದುಕಿಗೂ ಅದೇ ಅನಿಸಿತ್ತು. "ಸೋರಿದ್ರ ಸೋರ್ಲಿ ಬಿಡ್ರಿ. ಮುಂದಿನ ಸಲ ನೋಡೂಣಂತ. ಆ ಮೊಲಿ ನಮಗ ಬೇಕಾಗಿಲ್ಲ, ಕರಕ್ಕ ಬ್ಯಾರೆ ಕೊಟ್ಟೇವಿ."

ನಾನು ತಲೆ ಅಲ್ಲಾಡಿಸಿದೆ. ತೂತಿನಿಂದ ಹೊಲಸು ಏರಿ ಕೆಚ್ಚಲು ಕೆಟ್ಟರೆ ಏನು ಮಾಡುತ್ತೀರಿ ಅಂತ ಕೇಳಿದೆ. ಆ ಭಯ ಸುಳ್ಳಲ್ಲ. ಆದರೆ ಅಷ್ಟಕ್ಕೇ ನಾನು ಹಟ ಹಿಡಿದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ನನ್ನ ಏಳು ಗಂಟು ಹರಿದು ಬಿದ್ದದ್ದು, ಓಣಿಯ ಮಂದಿ ಅದನ್ನು ನೋಡಿದ್ದು, ನನಗೆ ಮರೆಯಲಿಕ್ಕಾಗಿರಲಿಲ್ಲ. ದಿನಾ ತೊಳೆಯುವಾಗ ಆ ತೂತು ಕಾಣುತ್ತಿತ್ತು. ಅದನ್ನು ಮುಚ್ಚಬೇಕಾಗಿತ್ತು ನನಗೆ. ಎಮ್ಮೆಗಲ್ಲ.

ಸೊಸೆ ಅತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನೀವು ಹೆಂಗಂತೀರಿ ಹಂಗರಿ," ಅಂದಳು. ಒಂದು ಸಲ ಬೈಸಿಕೊಂಡವಳು ಮತ್ತೇನು ಅಂದಾಳು?

ಎರಡನೇ ಸಲ ತೂತಿನ ಸುತ್ತಲಿನ ಗಟ್ಟಿ ಕಲೆಯನ್ನೆಲ್ಲ ಕತ್ತರಿಸಿ ತೆಗೆದು, ಮತ್ತೆ ಮೂರು ಪದರು ಹೊಲಿದೆ. ಮೊದಲಿನದಕ್ಕಿಂತ ಛಲೋ ಕೂತಿತು. ಈ ಸಲ ಕರುವಿನ ವಿಷಯದಲ್ಲಿ ನಾನು ಯಾವ ಸಂದಿಯನ್ನೂ ಬಿಡಲಿಲ್ಲ. ಒಂದು ಗುದ್ದು ಬಿದ್ದರೆ ಎಲ್ಲ ಹೋಗುತ್ತದೆ, ಹಾಗಾಗಿ ಹನ್ನೆರಡು ದಿನ ಕರು ಎಮ್ಮೆಯ ಕಣ್ಣಿಗೂ ಬೀಳಬಾರದು ಅಂದೆ. ಕರುವಿಗೆ ಬಾಟಲಿಯಲ್ಲಿ ಹಾಲು. ಎಮ್ಮೆ ತೊರೆ ಬಿಡಲಿಕ್ಕೆ ಇಂಜೆಕ್ಷನ್. ಆ ಓಣಿಗೆ ಹತ್ತಿರವೇ ಇದ್ದ ಕಂಪೌಂಡರ್ ಮುಂಜಾನೆ ಸಂಜೆ ಬಂದು ಕೊಡುವುದು ಅಂತ ಆಯಿತು. ಇದೇ ಇಂಜೆಕ್ಷನ್ನನ್ನು ಕದ್ದು ತಂದು ಎಮ್ಮೆಗೆ ಚುಚ್ಚುವವರನ್ನು ನಾನು ಎಷ್ಟು ಸಲ ಬೈದಿದ್ದೇನೆ. ಚಟ ಹಿಡಿಸಿದರೆ ಎಮ್ಮೆ ಅದಿಲ್ಲದೆ ಹಾಲು ಬಿಡುವುದಿಲ್ಲ ಅಂತ ಭಾಷಣ ಮಾಡಿದ್ದೇನೆ. ನಾನು ಕೊಡಿಸಿದರೆ ಮಾತ್ರ ಅದು ಚಿಕಿತ್ಸೆ.

ಮುದುಕಿ ಅದಕ್ಕೆ ಎದುರು ಮಾತಾಡಿದಳು. "ಕರ ಅಗಲ್ಸಿದ್ರ ಎಮ್ಮಿ ಮರೀತೈತ್ರಿ. ಕರಾನೂ ಸೊರಗ್ತೈತಿ."

"ಹನ್ನೆರಡು ದಿನಕ್ಕ ಏನೂ ಆಗೂದಿಲ್ಲ ಆಯಿ," ಅಂದೆ.

ಗಾಯ ದಿನದಿಂದ ದಿನಕ್ಕೆ ಸುಧಾರಿಸಿತು. ಬಾವು ಇಲ್ಲ, ಸೋರಿಕೆ ಇಲ್ಲ, ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. ನಾನು ದಿನಾ ಬಂದು ಬಗ್ಗಿ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದೆ. ಐದನೇ ದಿನ ಸೊಸೆ ನನ್ನ ಹಿಂದೆಯೇ ನಿಂತಿದ್ದಳು. "ಬಾಯಾರ, ಕರ ಬೆಳ್ಳಗ ಹೆಂಡಿ ಹಾಕಾಕತ್ತೈತ್ರಿ. ನಾತಾನೂ ಭಾಳ. ಒಂದೀಟು ನೋಡ್ತೀರೇನು?"

ನಾನು ಮೊಲೆಯ ಕೆಳಗೆ ಕೂತಿದ್ದೆ. ತಿರುಗಿಯೂ ನೋಡಲಿಲ್ಲ. "ಬಾಟ್ಲಿ ಹಾಲು ರೂಢಿ ಆಗೂ ತನಾ ಹಂಗ ಆಗತೈತಿ. ಹಾಲು ಸ್ವಲ್ಪ ಕಡಿಮಿ ಮಾಡು," ಅಂದೆ.

ತಿಂಗಳ ಆಚೀಚೆಯ ಎಮ್ಮೆಕರು ಜೇಡಿಮಣ್ಣಿನಂತೆ ಬೆಳ್ಳಗಾದ, ನಾರುವ ಸೆಗಣಿ ಹಾಕಿದರೆ ಅದು ಹೊಟ್ಟೆಯ ಜಂತು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು. ತಾಯಿಯ ಹಾಲಿನಿಂದಲೇ ಇಳಿದು ಬರುವ ಜಂತು, ಹತ್ತು ದಿನದ ಕರುವಿಗೇ ಔಷಧ ಕುಡಿಸಬೇಕು ಅಂತ ನಾನೇ ಊರೂರಿಗೆ ಸಾರುತ್ತೇನೆ. ಆ ಔಷಧದ ಬಾಟಲಿ ನನ್ನ ಪೆಟ್ಟಿಗೆಯಲ್ಲಿತ್ತು, ಹೊಲಿಗೆಯ ದಾರದ ಡಬ್ಬಿಯ ಪಕ್ಕಕ್ಕೆ. ಎದ್ದು ಹತ್ತು ಹೆಜ್ಜೆ ಹೋಗಿ ಒಳಗಿನ ಕೋಣೆಯಲ್ಲಿ ಕಟ್ಟಿದ ಕರುವನ್ನು ನೋಡಿದ್ದರೆ ಸಾಕಾಗಿತ್ತು. ನಾನು ಅವತ್ತು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಹೇಳಿದ್ದನ್ನು ಮಾಡುವವಳು, ಹಾಲು ಕಡಿಮೆ ಮಾಡಿದಳು.

ಒಂಬತ್ತನೇ ದಿನ ಮುಂಜಾನೆ ಕಂಪೌಂಡರ್ ಫೋನ್ ಮಾಡಿದರು. "ಕರ ಹೋತ್ರಿ ಮೇಡಂ."

ನಾನು ಹೋಗುವಷ್ಟರಲ್ಲಿ ಅದನ್ನು ಹಿತ್ತಲಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದರು. ಪಕ್ಕೆಲುಬು ಎಣಿಸುವಂತಿತ್ತು, ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿತ್ತು. ಬಾಲಕ್ಕೆ ಬಿಳಿ ಸೆಗಣಿ ಒಣಗಿ ಹತ್ತಿಕೊಂಡಿತ್ತು. ನೋಡಿದ ಕೂಡಲೇ ತಿಳಿಯಿತು, ಕೊಯ್ದು ನೋಡುವ ಅಗತ್ಯವೇ ಇರಲಿಲ್ಲ. ಅತ್ತೆ-ಸೊಸೆಗೆ ನಾನು ಖರೇ ಕಾರಣ ಹೇಳಿದೆ. ಜಂತು ಅಂತ, ಔಷಧ ಇತ್ತು ಅಂತ, ನಾನು ನೋಡಬೇಕಾಗಿತ್ತು ಅಂತ. ಸೊಸೆ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ನಾ ಹೇಳಿದ್ದೆನಲ್ರಿ," ಅಂದಳು.

ಅವಳು ನನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಮೊದಲೆಲ್ಲ ಕರು ಸತ್ತರೆ ಅದರ ತೊಗಲಿನಲ್ಲಿ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದರಂತೆ. ಎಮ್ಮೆ ಅದನ್ನು ನೆಕ್ಕುತ್ತ ತೊರೆ ಬಿಡುತ್ತಿತ್ತಂತೆ. ಮುದುಕಿ ಅದನ್ನು ಮಾಡುವವರು ಯಾರಾದರೂ ಇದ್ದಾರೇನು ಅಂತ ವಿಚಾರಿಸಿದಳು, ಈಗ ಆ ಕೆಲಸ ಮಾಡುವವರು ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ಒಂಬತ್ತು ದಿನ ವಾಸನೆ ಮರೆತ ಎಮ್ಮೆ ಅದನ್ನು ತನ್ನದು ಅನ್ನುತ್ತಿತ್ತೋ ಇಲ್ಲವೋ. ಸಂಜೆ ಕರುವನ್ನು ಗಟಾರದ ಆಚೆ ಹುಗಿದರು.

ಹನ್ನೆರಡನೇ ದಿನ ಗಂಟು ತೆಗೆದೆ. ಮೊಲೆಯ ಮೇಲೆ ಒಂದು ತೆಳು ಗೆರೆ ಬಿಟ್ಟರೆ ಏನೂ ಇಲ್ಲ. ತುದಿಯಿಂದ ಹಾಲು ನೆಟ್ಟಗೆ ಬಂತು. ಅವತ್ತಿಗೆ ಇಂಜೆಕ್ಷನ್ ನಿಲ್ಲಿಸಿದೆವು. ಮರುದಿನ ಸೊಸೆ ತಾಸುಗಟ್ಟಲೆ ಕೆಚ್ಚಲು ನೀವುತ್ತ ಕೂತಳು, ಬಿಸಿನೀರು ಹಾಕಿದಳು, ಮುಂದೆ ಹಿಂಡಿ ಇಟ್ಟಳು. ಎಮ್ಮೆ ಹಿಂಡಿ ತಿಂದಿತು, ಹಾಲು ಮೇಲಕ್ಕೇ ಹಿಡಿಯಿತು. ತಂಬಿಗೆಯ ತಳ ಮುಚ್ಚುವಷ್ಟು ಬಂತು. ವಾರದಲ್ಲಿ ಓಣಿಯ ಮನೆಗಳು ಬೇರೆ ಕಡೆ ಹಾಲು ಹಾಕಿಸಿಕೊಳ್ಳತೊಡಗಿದವು. ಆ ಇಂಜೆಕ್ಷನ್ನೇ ಮುಂದುವರಿಸೋಣೇನು ಅಂತ ನಾನೇ ಕೇಳಿದೆ, ನನ್ನ ಬಾಯಿಂದಲೇ. ಮುದುಕಿ ಬೇಡ ಅಂದಳು. "ಅದು ಹಾಲ ಬಿಡೂದಲ್ರಿ, ಕಸಗೊಳ್ಳೂದು."

ಹದಿನೈದು ದಿನ ಬಿಟ್ಟು ಸೊಸೆಯ ಫೋನ್ ಬಂತು. ಬರ್ರಿ ಅಂದಳು, ಯಾಕೆ ಅಂತ ಹೇಳಲಿಲ್ಲ. ಹೋದರೆ ತಗಡಿನ ಮಾಡಿನ ಮುಂದೆ ಒಂದು ಗಾಡಿ ನಿಂತಿತ್ತು. ಅವಳ ಗಂಡ ಇದ್ದ, ನಾನು ಅವನನ್ನು ಕಂಡದ್ದು ಆಗಲೇ. ಅವನ ಪಕ್ಕ ಹುಬ್ಬಳ್ಳಿ ಸಂತೆಯ ಒಬ್ಬ ದಲಾಲಿ, ಕುತ್ತಿಗೆಗೆ ಟವೆಲ್ಲು. ಎಮ್ಮೆಯ ಬೆನ್ನು, ಹಲ್ಲು, ಕೊಂಬು ಎಲ್ಲ ನೋಡಿ ಆಗಿತ್ತು. ಕೆಚ್ಚಲಿನ ಹತ್ತಿರ ಬಗ್ಗಿದವನು ಗೆರೆ ಕಂಡು ಎದ್ದು ನಿಂತಿದ್ದ. "ಈ ಮೊಲಿ ನಡೀತೈತಿ ಅಂತ ಡಾಕ್ಟರಂದ್ರ ತಗೋತೀನಿ," ಅಂತ ಪಟ್ಟು ಹಿಡಿದಿದ್ದನಂತೆ.

ಸೊಸೆ ಗೋಡೆಗೆ ಆತು ನಿಂತಿದ್ದಳು. ಮುದುಕಿ ಹೊರಗೆ ಬರಲೇ ಇಲ್ಲ.

ಮೊಲೆ ಕೆಟ್ಟಿದೆ ಅನ್ನಬಹುದಾಗಿತ್ತು. ಅಂದರೆ ಆವತ್ತು ಎಮ್ಮೆ ಗಾಡಿ ಹತ್ತುತ್ತಿರಲಿಲ್ಲ, ಮುಂದಿನ ವಾರ ಇನ್ನೂ ಕಡಿಮೆಗೆ ಇನ್ನೊಬ್ಬನ ಕೈಗೆ ಹೋಗುತ್ತಿತ್ತು, ಹಾಲಿಲ್ಲದ ಎಮ್ಮೆಯನ್ನು ಕೊಳ್ಳುವವರು ಯಾರು ಅಂತ ಎಲ್ಲರಿಗೂ ಗೊತ್ತು. ನಾನು ಎಡಗಡೆಗೆ ಹೋಗಿ ಕೂತೆ. ಕೈ ತೊಳೆದುಕೊಂಡು, ಆ ಮೊಲೆಯನ್ನು ಬೆರಳಲ್ಲಿ ಹಿಡಿದು ಒತ್ತಿದೆ. ಮೂರು ನಾಲ್ಕು ಧಾರೆ ನೆಟ್ಟಗೆ ಬಂದು ನೆಲಕ್ಕೆ ಬಿದ್ದವು. ಎಮ್ಮೆ ತಿರುಗಿ ನನ್ನ ಕಡೆ ನೋಡಿತು, ಮತ್ತೆ ಮುಂದಕ್ಕೆ ತಿರುಗಿತು.

"ನಡೀತೈತ್ರಿ," ಅಂದೆ.

ದಲಾಲಿ ಬಗ್ಗಿ ಬೆರಳಿನಿಂದ ಗೆರೆಯನ್ನು ಸವರಿ ನೋಡಿದ. ಖುಷಿಯಾಗಿದ್ದ. "ಭಾರೀ ಹೊಲ್ದೀರಿ ಮೇಡಂ. ಹೇಳದಿದ್ರ ಗೊತ್ತೇ ಆಗೂದಿಲ್ಲ," ಅಂದ.

ಆ ಹೊಲಿಗೆಯನ್ನು ಹೊಗಳಿದವನು ಅವನೊಬ್ಬನೇ.